ಜೋಡಿ ಕಟ್ಟಲು ಕೂತ ವರ್ಷ

ಅಮೆರಿಕದಲ್ಲಿ ನಾನು ಮಾಡುವ ಕೆಲಸ ಏನೆಂದು ಅಮ್ಮನಿಗೆ ಸರಿಯಾಗಿ ಗೊತ್ತಾದದ್ದು ಬಹಳ ತಡವಾಗಿ. "ಮಗಳು ಅಲ್ಲಿ ಲಾಯರು" ಎಂದಷ್ಟೇ ಮೈಸೂರಿನ ನೆಂಟರಿಗೆಲ್ಲ ಹೇಳಿಕೊಂಡಿದ್ದಳು. ಒಂದು ದಿನ ಆಫೀಸಿನಿಂದ ವಿಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದಾಗ ನನ್ನ ಹಿಂದಿನ ಗೋಡೆಯ ಮೇಲಿದ್ದ ಪೋಸ್ಟರು ಅವಳ ಕಣ್ಣಿಗೆ ಬಿತ್ತು. ಬರಿಮೈಯ ಇಬ್ಬರು ದೈತ್ಯರು ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿದ್ದ ಚಿತ್ರ.

"ಏನೇ ಅದು? ಆಫೀಸಲ್ಲಿ ಇಂಥದ್ದೆಲ್ಲ ಹಾಕ್ಕೊಂಡಿದೀಯಾ?"

"ಅದೇ ಅಮ್ಮ ನನ್ನ ಕೆಲ್ಸ. ಇವರು ಬಾಕ್ಸಿಂಗ್ ಆಡೋಕೆ ಮುಂಚೆ ಎರಡು ಕಡೆಯವರೂ ಕೂತು ಮಾತಾಡಿ ಅಗ್ರಿಮೆಂಟ್ ಮಾಡ್ಕೋಬೇಕಲ್ಲ, ಅದನ್ನ ನಾನು ಬರೀತೀನಿ."

"ಎಲ್ಲಿ ಆಡ್ಬೇಕು, ಯಾವತ್ತು ಆಡ್ಬೇಕು, ಯಾರು ರೆಫ್ರಿ, ಅದೆಲ್ಲಾನಾ?"

"ಅದೆಲ್ಲ."

"ಹಾಗಾದ್ರೆ ಜೋಡಿ ಕಟ್ಟೋ ಕೆಲ್ಸ ಅನ್ನು. ನಿಮ್ಮ ತಾತ ಮಾಡ್ತಿದ್ರಲ್ಲ."

ನಮ್ಮ ತಾತ ಮೈಸೂರಿನ ಒಂದು ಗರಡಿಮನೆಯ ಹಿರಿಯರಲ್ಲಿ ಒಬ್ಬರು. ದಸರಾ ಕುಸ್ತಿಗೆ ಮುಂಚೆ ಯಾವ ಪೈಲ್ವಾನನಿಗೆ ಯಾರು ಸರಿಜೋಡಿ ಎಂದು ಕೂತು ತೀರ್ಮಾನಿಸುವವರ ಸಾಲಿನಲ್ಲಿ ಅವರೂ ಇರುತ್ತಿದ್ದರು. ನನಗೆ ನೆನಪಿರುವುದು ಅವರ ಮುರಿದ ಕಿವಿ ಮತ್ತು ಮೈಯಿಂದ ಬರುತ್ತಿದ್ದ ಎಣ್ಣೆಯ ವಾಸನೆ ಮಾತ್ರ. ಅವರ ಮೊಮ್ಮಗಳು ಅಂತ ನಾನೇನೂ ಈ ಕೆಲಸಕ್ಕೆ ಬಂದವಳಲ್ಲ. ಸ್ಯಾನ್ ಮಟಿಯೋದಲ್ಲಿ, ಹಲ್ಲಿನ ಆಸ್ಪತ್ರೆಯೊಂದರ ಮೇಲಿನ ಮಹಡಿಯಲ್ಲಿ, ನಮ್ಮ ಪುಟ್ಟ ಆಫೀಸಿದೆ. ಸಂಗೀತಗಾರರ ಕರಾರು, ನಾಟಕದವರ ಕರಾರು, ಇಂಥವನ್ನು ಓದಿ ತಿದ್ದಲು ನನ್ನನ್ನು ಸೇರಿಸಿಕೊಂಡವರು ಎಪ್ಪತ್ತು ದಾಟಿದ ಒಬ್ಬ ಹಿರಿಯ ವಕೀಲರು. ಅವರಿಗೆ ಬಾಕ್ಸಿಂಗ್ ಎಂದರೆ ಪ್ರಾಣ. ಡ್ಯಾನ್‌ವಿಲ್‌ನ ಅವರ ಮನೆಯಲ್ಲಿ ಮದುವೆಯ ಫೋಟೊಗಿಂತ ದೊಡ್ಡದಾಗಿ ಹಳೆಯ ಪಂದ್ಯವೊಂದರ ಫೋಟೊ ನೇತುಹಾಕಿದ್ದಾರೆ. ಮೊದಲ ಸಲ ನನ್ನನ್ನು ರಿಂಗಿನ ಪಕ್ಕ ಕೂರಿಸಿದಾಗ ನಾನು ಎರಡನೇ ಸುತ್ತಿಗೇ ಕಣ್ಣು ಮುಚ್ಚಿಕೊಂಡೆ. ಅವರು ಬೈಯಲಿಲ್ಲ. "ನೀವು ಕಾಗದ ನೋಡಿಕೊಳ್ಳಿ, ರಿಂಗನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು. ಆ ಒಪ್ಪಂದದ ಮೇಲೆ ನಮ್ಮಿಬ್ಬರ ಕೆಲಸ ವರ್ಷಗಟ್ಟಲೆ ನಡೆಯಿತು.

ಪೋಸ್ಟರಿನ ಬಲಗಡೆ ಇದ್ದವನು ನಮ್ಮ ಕಕ್ಷಿದಾರ. ಟೋಂಗಾ ದ್ವೀಪದಿಂದ ಬಂದ ಕುಟುಂಬದವನು, ಹುಟ್ಟಿದ್ದು ಸ್ಯಾನ್ ಮಟಿಯೋದಲ್ಲೇ. ಮದುವೆಯಾದ ಮೇಲೆ ಇಲ್ಲಿ ಮನೆ ಕೊಳ್ಳಲಾಗದೆ ಗಿಲ್‌ರಾಯ್‌ಗೆ ಹೋಗಿ ನೆಲೆಸಿದ. ಹೆವಿವೇಟ್ ಪಟ್ಟ ಗೆದ್ದ ಮೇಲೂ ಅಲ್ಲಿಂದ ಕದಲಲಿಲ್ಲ. ಇಷ್ಟು ಎತ್ತರದ, ಇಷ್ಟು ಅಗಲದ ಮನುಷ್ಯ ರಿಂಗಿನಲ್ಲಿ ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾನೆ ಎಂಬುದೇ ಅವನ ಖ್ಯಾತಿ. ನನ್ನನ್ನು ಅವನು ಕರೆಯುತ್ತಿದ್ದದ್ದು "ಮ್ಯಾಮ್" ಎಂದು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅವನು ಮೊದಲ ದಿನದಿಂದ "ನೀನು". ವಯಸ್ಸಿನಲ್ಲಿ ನನ್ನ ಕಿರಿಯ ತಮ್ಮನಷ್ಟಿದ್ದ.

ಎಡಗಡೆ ಇದ್ದವನು ಪೋಲೆಂಡ್ ದೇಶದವನು. ಹೆವಿವೇಟಿನಲ್ಲಿ ಪಟ್ಟ ಒಂದೇ ಅಲ್ಲ. ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಬೆಲ್ಟು ಕೊಡುತ್ತವೆ. ಒಂದು ಇವನ ಬಳಿ, ಇನ್ನೊಂದು ಅವನ ಬಳಿ. ನಿಜವಾದ ಚಾಂಪಿಯನ್ ಯಾರು ಎಂದು ತೀರ್ಮಾನವಾಗಬೇಕಾದರೆ ಇಬ್ಬರೂ ಎದುರುಬದುರು ನಿಲ್ಲಬೇಕು. ಜನ ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಟೀವಿಯಲ್ಲಿ, ಫೋನಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ನಮ್ಮ ಹಿರಿಯರು, "ಈ ಪಂದ್ಯ ಒಂದನ್ನು ನೋಡಿ ರಿಟೈರ್ ಆಗ್ತೀನಿ" ಎನ್ನುತ್ತಿದ್ದರು.

ದುಡ್ಡಿನ ವಿಷಯ ಪಂದ್ಯ ನಡೆಸುವ ದೊಡ್ಡ ಕುಳಗಳಿಗೆ ಸೇರಿದ್ದು. ಅವರು ಅದನ್ನು ಬೇಗನೇ ಮುಗಿಸಿಕೊಂಡರು. ಉಳಿದದ್ದೆಲ್ಲ ನಮ್ಮ ಪಾಲಿಗೆ ಬಂತು. ಯಾರ ಹೆಸರು ಮೊದಲು, ಯಾವ ಕಂಪನಿಯ ಗ್ಲೌಸು, ಯಾವ ದೇಶದ ರೆಫ್ರಿ, ಗೆದ್ದವನು ಸೋತವನ ಜೊತೆ ಮತ್ತೆ ಆಡಬೇಕೋ ಬೇಡವೋ. ಆ ಕಡೆಯಿಂದ ಮಾತಿಗೆ ಕೂರುತ್ತಿದ್ದದ್ದು ಪೋಲೆಂಡಿನವನ ಅಕ್ಕ. ಮುಂಚೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ತಮ್ಮನ ವ್ಯವಹಾರ ನೋಡಿಕೊಳ್ಳಲು ಕೆಲಸ ಬಿಟ್ಟಿದ್ದಳು. ನಮಗೆ ಬೆಳಗಾದರೆ ಅವರಿಗೆ ಸಂಜೆ. ಹಾಗಾಗಿ ನಮ್ಮ ಮೀಟಿಂಗುಗಳೆಲ್ಲ ಸ್ಯಾನ್ ರಮೋನಿನ ನನ್ನ ಅಡುಗೆಮನೆಯಲ್ಲೇ ನಡೆಯುತ್ತಿದ್ದವು. ಲ್ಯಾಪ್‌ಟಾಪನ್ನು ಮಿಕ್ಸಿಯ ಪಕ್ಕ ಇಟ್ಟುಕೊಂಡು ನಾನು ಮಗಳ ಡಬ್ಬಿಗೆ ಚಿತ್ರಾನ್ನ ಕಲಸುತ್ತ, ಗ್ಲೌಸಿನೊಳಗೆ ಕುದುರೆಯ ಕೂದಲು ತುಂಬಿರಬೇಕೋ ಸ್ಪಂಜು ತುಂಬಿರಬೇಕೋ ಎಂದು ವಾದಿಸುತ್ತಿದ್ದೆ.

ಮೊದಮೊದಲು ಅವಳು ಕಬ್ಬಿಣ. ಅಲ್ಪವಿರಾಮ ಸರಿಸಲೂ ಒಪ್ಪುತ್ತಿರಲಿಲ್ಲ. ಒಂದು ಬೆಳಗ್ಗೆ ನನ್ನ ಮಗಳು ಶೂ ಸಿಗದೆ ಗಲಾಟೆ ಮಾಡುತ್ತಿದ್ದಳು.

"ಅಮ್ಮಾ, ವೇರ್ ಈಸ್ ಮೈ ಅದರ್ ಶೂ?"

"ಸೋಫಾ ಕೆಳಗೆ ನೋಡೇ, ಮೀಟಿಂಗಲ್ಲಿದೀನಿ!"

ಕ್ಷಮಿಸಿ ಎಂದು ನಾನು ಪರದೆಯ ಕಡೆ ತಿರುಗಿದರೆ ಅವಳು ನಗುತ್ತಿದ್ದಳು. "ಎಲ್ಲಾ ಭಾಷೆಯಲ್ಲೂ ಈ ಮಾತು ಹೀಗೇ ಕೇಳುತ್ತೆ ಅನ್ನಿಸುತ್ತೆ" ಎಂದಳು. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಚಿಕ್ಕವನಂತೆ. ಅವನಿಗೆ ಶೂ ಹುಡುಕಿಕೊಟ್ಟು, ಊಟ ಕಟ್ಟಿಕೊಟ್ಟು ಕಳಿಸಿ ಆಮೇಲೆ ತಾನು ಓದಲು ಹೋಗುತ್ತಿದ್ದಳಂತೆ. ಅವನ ಪ್ರತಿ ಪಂದ್ಯದ ದಿನವೂ ತಾನು ರಿಂಗಿನ ಹತ್ತಿರ ಹೋಗುವುದಿಲ್ಲ, ಹೊರಗೆ ಕಾರಿನಲ್ಲಿ ಕೂತಿರುತ್ತೇನೆ ಎಂದಳು. ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದೆ. ಅಂದಿನಿಂದ ವಾದ ನಿಲ್ಲಲಿಲ್ಲವಾದರೂ ಅದರ ದನಿ ಬದಲಾಯಿತು. ಮಾತು ಮುಗಿದ ಮೇಲೂ ನಾವು ಕಾಲ್ ಕಟ್ ಮಾಡದೆ ಕೂರುತ್ತಿದ್ದೆವು.

ಹೀಗೆ ಒಂದೊಂದಾಗಿ ಗಂಟು ಬಿಚ್ಚುತ್ತ ಬಂದು, ಇನ್ನೇನು ಮುಗಿಯಿತು ಎನ್ನುವಾಗ ನಮ್ಮವನು ಫೋನ್ ಮಾಡಿದ.

"ಮ್ಯಾಮ್, ರಿಂಗ್ ಚಿಕ್ಕದಿರಲಿ. ಹದಿನೆಂಟು ಅಡಿ. ಅದಕ್ಕಿಂತ ಒಂದಿಂಚೂ ಜಾಸ್ತಿ ಬೇಡ."

ನಾನು ಬರೆದುಕೊಂಡೆ, ಅಷ್ಟೇ. ರಿಂಗಿನ ಅಳತೆಯನ್ನು ಅದುವರೆಗೆ ಪಂದ್ಯ ನಡೆಸುವವರೇ ನೋಡಿಕೊಳ್ಳುತ್ತಿದ್ದರು, ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಮಾರನೆಯ ಬೆಳಗ್ಗೆ ಅದನ್ನು ಹೇಳಿದಾಗ ಆ ಕಡೆ ಅಕ್ಕ ತಡವರಿಸಿದಳು.

"ಚಿಕ್ಕದಾ? ಅವನು ಕೇಳಿದನಾ?"

"ಹೌದು. ಯಾಕೆ?"

"ಇಷ್ಟು ವರ್ಷ ಎಲ್ಲಾ ಪಂದ್ಯಕ್ಕೂ ದೊಡ್ಡ ರಿಂಗೇ ಬೇಕು ಅಂತ ಹಟ ಹಿಡೀತಿದ್ದವನು ಅವನು. ಓಡಾಡೋಕೆ ಜಾಗ ಇದ್ದರೇ ಅವನಿಗೆ ಬಲ. ಚಿಕ್ಕ ರಿಂಗು ನನ್ನ ತಮ್ಮನಂಥವನಿಗೆ ಒಳ್ಳೆಯದು." ಆಮೇಲೆ, ಇಂಥ ಮಾತುಕತೆಯಲ್ಲಿ ಎದುರು ಕಡೆಯವರು ಎಂದೂ ಕೇಳದ ಪ್ರಶ್ನೆ ಕೇಳಿದಳು. "ಅವನು ಚೆನ್ನಾಗಿದ್ದಾನಾ?"

ಚೆನ್ನಾಗಿದ್ದಾನೆ ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಆದರೆ ಕಾಲ್ ಮುಗಿದ ಮೇಲೆ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಪಂದ್ಯಕ್ಕೆ ಮುಂಚಿನ ವೈದ್ಯಕೀಯ ಪರೀಕ್ಷೆಗಳ ಪೈಕಿ ಕಣ್ಣಿನದೊಂದನ್ನು ಅವನು ಮುಂದಕ್ಕೆ ಹಾಕುತ್ತಲೇ ಬಂದಿದ್ದ. ಟ್ರೇನಿಂಗ್ ಇದೆ, ಮಗಳಿಗೆ ಜ್ವರ, ಎಂದು ಪ್ರತಿ ಸಲ ಒಂದು ನೆಪ. ಎರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಯಾಕೋ ಸಮಾಧಾನವಾಗಲಿಲ್ಲ. ಶನಿವಾರ ಬೆಳಗ್ಗೆ ಕಾರು ತೆಗೆದುಕೊಂಡು ಗಿಲ್‌ರಾಯ್‌ಗೆ ಹೊರಟೆ.

ಸ್ಯಾನ್ ಹೊಸೆ ದಾಟಿದ ಮೇಲೆ ಫ್ರೀವೇ ಸಡಿಲವಾಗಿ, ಎರಡೂ ಕಡೆ ಹೊಲ ಶುರುವಾಗುತ್ತದೆ. ಕಾರಿನ ಗಾಜು ಏರಿಸಿದ್ದರೂ ಬೆಳ್ಳುಳ್ಳಿಯ ವಾಸನೆ ಒಳಗೆ ಬಂದು ಕೂರುತ್ತದೆ. ನಾನು ಹೋದಾಗ ಅವನು ಹಿತ್ತಲಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದ. ಐದು ವರ್ಷದ ಹುಡುಗಿ. ಅವನ ಒಂದು ಬೆರಳು ಅವಳ ಮಣಿಕಟ್ಟಿನಷ್ಟಿತ್ತು. ಅಷ್ಟು ದೊಡ್ಡ ಬೆರಳುಗಳು ಕೂದಲಿನ ಎಳೆ ಬಿಡಿಸಿ ಹೆಣೆಯುವುದನ್ನು ನೋಡುತ್ತ ನಾನು ಬಂದ ಕೆಲಸವನ್ನೇ ಸ್ವಲ್ಪ ಹೊತ್ತು ಮರೆತೆ. ಡೇಕೇರಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ ಒಳಗಿನಿಂದ ಕುರ್ಚಿ ತಂದು ಹಾಕಿ, ನಿಂಬೆಹಣ್ಣಿನ ಪಾನಕ ಮಾಡಲು ಹೋದಳು. ಜಡೆ ಮುಗಿಸಿಕೊಂಡ ಹುಡುಗಿ ಅಮ್ಮನ ಹಿಂದೆ ಓಡಿದಳು.

ರಿಂಗಿನ ಮಾತೆತ್ತಿದೆ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಗಳು ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದುಕೊಂಡು, ಚೆಲ್ಲಬಾರದೆಂದು ನಾಲಿಗೆ ಕಚ್ಚಿಕೊಂಡು, ಮೆಲ್ಲಗೆ ನಡೆದುಬಂದು ಅವನ ಎಡಗಡೆ ನಿಂತಳು. ಅವನು ನನ್ನ ಕಡೆ ತಿರುಗುತ್ತ ಮೊಣಕೈ ಆಡಿಸಿದ. ಲೋಟ ಹಾರಿಹೋಯಿತು. ಪಾನಕವೆಲ್ಲ ಅವಳ ಫ್ರಾಕಿನ ಮೇಲೆ.

ಹುಡುಗಿ ಅಳಲಿಲ್ಲ. "ನಾನು ಇಲ್ಲೇ ಇದ್ನಲ್ಲ ಡ್ಯಾಡಿ" ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮಿಂಚಿನ ಹಾಗೆ ಬರುವ ಪೆಟ್ಟನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವವನು. ಅವನಿಗೆ ತೋಳಿನ ಪಕ್ಕದಲ್ಲಿ ನಿಂತ ಮಗಳು ಕಾಣಲಿಲ್ಲ. ಅವಳ ಫ್ರಾಕನ್ನು ತನ್ನ ಟೀಶರ್ಟಿನ ಅಂಚಿನಿಂದ ಒರೆಸಿದ. ಒಳಗೆ ಕಳಿಸಿದ. ಬಿದ್ದಿದ್ದ ಲೋಟ ಎತ್ತಿಟ್ಟು ಮತ್ತೆ ಸ್ಟೂಲಿನ ಮೇಲೆ ಕೂತ.

"ಎಡಗಣ್ಣಿನ ಅಂಚಲ್ಲಿ ಪರದೆ ಎಳೆದ ಹಾಗೆ ಇದೆ" ಎಂದ. "ಮೊದಲು ಚುಕ್ಕಿ ಚುಕ್ಕಿ ಕಾಣ್ತಿತ್ತು. ಈಗ ಪರದೆ. ದಿನಾ ಸ್ವಲ್ಪ ಸ್ವಲ್ಪ ಒಳಗೆ ಬರ್ತಿದೆ."

"ಡಾಕ್ಟರಿಗೆ ತೋರಿಸಿದೆಯಾ?"

"ಊರಾಚೆ ಒಬ್ಬರಿಗೆ. ಕಣ್ಣಿನ ಹಿಂಬದಿಯ ಪೊರೆ, ರೆಟಿನಾ ಅಂತಾರಲ್ಲ, ಅದು ಕಳಚಿಕೊಳ್ತಿದೆಯಂತೆ. ಬೇಗ ಆಪರೇಷನ್ ಆದ್ರೆ ಉಳಿಯಬಹುದು. ಆಮೇಲೆ ಆಡೋ ಹಾಗಿಲ್ಲ. ಈಗ ಆಡಿದ್ರೆ, ಒಂದು ಸರಿಯಾದ ಏಟು ಬಿದ್ರೂ ಸಾಕು, ಹೋಯ್ತು." ಅವನ ದನಿಯಲ್ಲಿ ಅಳುವಿರಲಿಲ್ಲ, ಬರೀ ಆಯಾಸ. "ದೊಡ್ಡ ರಿಂಗಲ್ಲಿ ಅವನು ನನ್ನ ಎಡಕ್ಕೆ ಸುತ್ತಿದ್ರೆ ನಂಗೆ ಕಾಣಲ್ಲ. ಚಿಕ್ಕದರಲ್ಲಾದ್ರೆ ಎದುರಿಗೇ ಇರ್ತಾನೆ. ಒಂದೇ ಪಂದ್ಯ ಮ್ಯಾಮ್. ಚಿಕ್ಕ ಹುಡುಗ ಆಗಿದ್ದಾಗಿಂದ ಕಾದಿದ್ದು ಇದಕ್ಕೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ತಡೆದುಕೊಂಡು ಹೇಳಿದೆ. "ನೀನು ಹೇಳಿದ್ದನ್ನ ನಾನು ಹೊರಗೆ ಯಾರಿಗೂ ಹೇಳೋ ಹಾಗಿಲ್ಲ, ಹೇಳಲ್ಲ. ಆದರೆ ಕಣ್ಣು ಸರಿಯಾಗಿದೆ ಅಂತ ಬರೆದ ಕರಾರನ್ನ ನಿನ್ನ ಮುಂದೆ ಇಟ್ಟು ಸಹಿ ಹಾಕು ಅನ್ನೋಕೂ ನನ್ನ ಕೈಲಾಗಲ್ಲ. ಅದಕ್ಕೆ ಬೇರೆ ವಕೀಲರನ್ನ ಹುಡುಕಿಕೋಬೇಕಾಗುತ್ತೆ."

ಅವನು ತಲೆಯಾಡಿಸಿದ. ಹಿಂದೆ ಬಾಗಿಲಲ್ಲಿ ಹೆಂಡತಿ ಒದ್ದೆ ಫ್ರಾಕು ಹಿಡಿದುಕೊಂಡು ನಿಂತಿದ್ದಳು. ಯಾವಾಗ ಬಂದಳೋ. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. "ರಾತ್ರಿ ಮೆಟ್ಟಿಲಿಳಿಯೋವಾಗ ಗೋಡೆ ಹಿಡ್ಕೊಂಡು ಇಳೀತೀಯ. ನೀನಾಗಿ ಹೇಳಲಿ ಅಂತ ಕಾಯ್ತಿದ್ದೆ" ಎಂದಳು. ಅವನು ಕೂತಲ್ಲೇ ಅವಳ ಸೊಂಟಕ್ಕೆ ಹಣೆ ಒತ್ತಿಕೊಂಡ. ನಾನು ಎದ್ದು ಕಾರಿನ ಕಡೆ ನಡೆದೆ.

ಭಾನುವಾರ ರಾತ್ರಿ ಅವನು ಫೋನ್ ಮಾಡಿ, ಆಡುವುದಿಲ್ಲ ಎಂದ. ಆಫೀಸಿನ ಒಳಗೆ ಹೇಳಲು ಒಪ್ಪಿಗೆಯನ್ನೂ ಕೊಟ್ಟ. ಸೋಮವಾರ ಬೆಳಗ್ಗೆ ಹಿರಿಯರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಳಗಿನ ಹಲ್ಲಿನ ಆಸ್ಪತ್ರೆಯಿಂದ ಯಂತ್ರದ ಸದ್ದು ಕೇಳುತ್ತಿತ್ತು.

"ಅಪ್ಪನ ಹೆಗಲ ಮೇಲೆ ಕೂತು ಮೊದಲ ಪಂದ್ಯ ನೋಡಿದವನು ನಾನು" ಎಂದರು. "ಈ ಒಂದು ಪಂದ್ಯ ಆದರೆ ಸಾಕು ಅಂದ್ಕೊಂಡಿದ್ದೆ. ಇರಲಿ. ಅವನ ಕಣ್ಣಿನ ಮುಂದೆ ನನ್ನ ಆಸೆ ಏನು ದೊಡ್ಡದು? ನೀವು ಅವನ ಜೊತೆ ಇರಿ. ಆ ಪಂದ್ಯ ನಡೆಸೋರ ಕೂಗಾಟ ನನ್ನ ಕಡೆ ಕಳಿಸಿ."

ಆ ವಾರ ಮನೆಯಲ್ಲಿ ನಾನು ಸರಿಯಾಗಿ ಮಾತಾಡಿದ್ದೇ ಇಲ್ಲ. ಗಂಡನಿಗೂ ಹೇಳುವ ಹಾಗಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವನು ಒಂದು ತುತ್ತು ತಿಂದು, ಮೊಸರು ಕಲಸಿಕೊಂಡ.

"ಕೆಲ್ಸದ್ದಾ?" ಎಂದ.

"ಹೂಂ. ಕೇಳ್ಬೇಡ."

"ಕೇಳಲ್ಲ. ನಾಳೆಯಿಂದ ಅಡುಗೆ ನಂದು. ಡಬ್ಬೀನೂ ನಾನೇ ಕಟ್ತೀನಿ." ಮಗಳು ಕಣ್ಣರಳಿಸಿ, "ಓ ನೋ, ಅಪ್ಪಾಸ್ ಉಪ್ಪಿಟ್ಟು!" ಎಂದಳು. ನನಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು.

ಸಹಿ ಹಾಕಲು ಅಕ್ಕ ಮತ್ತು ತಮ್ಮ ಸ್ಯಾನ್ ಮಟಿಯೋಗೆ ಬರುವ ದಿನ ಮೊದಲೇ ಗೊತ್ತಾಗಿತ್ತು. ಅದನ್ನು ಹೇಗೆ ರದ್ದು ಮಾಡುವುದು ಎಂದು ನಾವು ಯೋಚಿಸುತ್ತಿದ್ದಾಗ ನಮ್ಮವನೇ ಫೋನ್ ಮಾಡಿದ. "ಬರಲಿ. ನಾನೇ ಹೇಳ್ತೀನಿ. ಅವನ ಮುಖ ನೋಡ್ಕೊಂಡೇ ಹೇಳಬೇಕು."

ಅವರು ಬಂದರು. ಪರದೆಯ ಮೇಲೆ ಮಾತ್ರ ನೋಡಿದ್ದ ಅಕ್ಕ ನನ್ನ ಭುಜದವರೆಗೂ ಬರದಷ್ಟು ಕುಳ್ಳಿ. ನನಗೆ ನಗು ಬಂತು, ಅವಳಿಗೂ. ತಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಇಬ್ಬರು ಚಾಂಪಿಯನ್ನರು ಎದುರುಬದುರು ಕೂತಾಗ ನಮ್ಮ ಮೀಟಿಂಗಿನ ಕೋಣೆಯಲ್ಲಿ ಗಾಳಿಗೂ ಜಾಗವಿಲ್ಲದಂತಾಯಿತು. ಕ್ಯಾಮೆರಾದ ಮುಂದೆ ಅಷ್ಟೆಲ್ಲ ಬೈದಾಡುತ್ತಿದ್ದವರು ಈಗ ಮೇಜು ನೋಡುತ್ತ ಕೂತಿದ್ದರು.

"ನಾನು ಆಡೋಕಾಗಲ್ಲ" ಎಂದ ನಮ್ಮವನು. ಎಡಗಣ್ಣನ್ನು ಬೆರಳಿನಿಂದ ತೋರಿಸಿದ. "ಇದು ಹೋಗ್ತಾ ಇದೆ. ಮುಚ್ಚಿಟ್ಟು ಆಡೋಣ ಅಂತಿದ್ದೆ. ನಿನಗೂ ಅದು ಮೋಸನೇ. ಕ್ಷಮಿಸು."

ಪೋಲೆಂಡಿನವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅಕ್ಕನ ಕಡೆ ನೋಡಿದ. ಅವಳು ಅವರ ಭಾಷೆಯಲ್ಲಿ ಮೆಲ್ಲಗೆ ಹೇಳಿದಳು. ಅವನು ಮತ್ತೊಮ್ಮೆ ಏನೋ ಕೇಳಿದ, ಅವಳು ತಲೆಯಾಡಿಸಿದಳು. ಆಮೇಲೆ ಅವನೇ, ಪದ ಹುಡುಕಿ ಹುಡುಕಿ, ಇಂಗ್ಲಿಷಿನಲ್ಲಿ ಹೇಳಿದ.

"ನನ್ನ ಬಲಗೈ ಏಟು ಬೀಳೋದು ಅಲ್ಲಿಗೇ. ಗೊತ್ತಿಲ್ಲದೇನೇ ಅಲ್ಲಿಗೇ ಹೊಡೀತಿದ್ದೆ. ಗೆದ್ದು, ಕುಣಿದಾಡಿ, ಮನೆಗೆ ಹೋಗ್ತಿದ್ದೆ. ನೀನು ಕುರುಡ ಆಗ್ತಿದ್ದೆ." ಮೇಜಿನ ಆಚೆಗೆ ಕೈ ಚಾಚಿದ. "ಹೇಳಿದ್ದಕ್ಕೆ ಥ್ಯಾಂಕ್ಸ್."

ಅಕ್ಕ ನನ್ನ ಕಡೆ ತಿರುಗಿದಳು. "ರಿಂಗ್ ಚಿಕ್ಕದು ಅಂದಾಗಲೇ ನನಗೆ ಏನೋ ಅನ್ನಿಸಿತ್ತು. ಇವನಿಗೆ ಹೇಳಲಿಲ್ಲ. ಹೇಳಿದ್ದರೆ ಇವನ ಕೋಚ್ ಕಿವಿಗೆ ಬೀಳ್ತಿತ್ತು, ಎಲ್ಲೋ ಪೆಟ್ಟಾಗಿದೆ ಅಂತ ಅಲ್ಲಿಗೇ ಹೊಡೆಸೋಕೆ ನೋಡ್ತಿದ್ದ."

ಆಮೇಲೆ ಶುರುವಾದದ್ದೇ ನಿಜವಾದ ಮಾತುಕತೆ. ಪಂದ್ಯ ನಿಂತಿದೆ ಎಂದು ಜಗತ್ತಿಗೆ ಹೇಳುವುದು ಹೇಗೆ? ಪೋಲೆಂಡಿನವನು ಕೂಡಲೇ, "ನನ್ನ ಭುಜಕ್ಕೆ ಪೆಟ್ಟಾಗಿದೆ ಅಂತ ಹೇಳೋಣ. ನಾನೇ ಹಿಂದೆ ಸರಿದೆ ಅಂತ ಆಗಲಿ" ಎಂದ. ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಹಾಗೆ ಹೇಳಿದ್ದರೆ, ಹೆದರಿ ಓಡಿಹೋದ ಎಂದು ಜನ ಅವನನ್ನು ಜೀವನಪೂರ್ತಿ ಆಡಿಕೊಳ್ಳುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದ.

ನಮ್ಮವನು ಒಪ್ಪಲಿಲ್ಲ. "ನನ್ನ ಕಣ್ಣಿಗೋಸ್ಕರ ನಿನ್ನ ಹೆಸರಿಗೆ ಯಾಕೆ ಮಸಿ? ಇರೋದನ್ನ ಇದ್ದ ಹಾಗೆ ಹೇಳ್ತೀನಿ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ. ನೀನು ಪಕ್ಕದಲ್ಲಿ ನಿಲ್ತೀಯಾ?"

"ಯಾವ ಪಕ್ಕ?"

"ಎಡಗಡೆ. ಯಾರಾದ್ರೂ ಬಂದ್ರೆ ನಂಗೆ ಕಾಣಲ್ಲ."

ಇಬ್ಬರೂ ನಕ್ಕರು. ಆ ನಗುವಿಗೆ ಮೇಜಿನ ಮೇಲಿದ್ದ ನೀರಿನ ಬಾಟಲಿಗಳು ನಡುಗಿದವು. ಕೊನೆಗೆ ಹೊರಗೆ ಹೇಳಬೇಕಾದ ನಾಲ್ಕು ಸಾಲನ್ನು ನಾನೂ ಅಕ್ಕನೂ ಸೇರಿ ಬರೆದೆವು. ಅದರಲ್ಲಿ ಒಂದು ಅಲ್ಪವಿರಾಮದ ಬಗ್ಗೆಯೂ ಅವಳು ತಕರಾರು ತೆಗೆಯಲಿಲ್ಲ.

ಪತ್ರಕರ್ತರ ಮುಂದೆ ಅವರು ಜೊತೆಯಾಗಿ ನಿಂತದ್ದನ್ನು ಜನ ನೋಡಿದ್ದಾರೆ. ಕೆಲವರು ಅತ್ತರು, ಕೆಲವರು ನಾಟಕ ಎಂದರು, ಕೆಲವರು ತೋಚಿದ್ದನ್ನೆಲ್ಲ ಬರೆದರು. ಪಂದ್ಯ ನಡೆಸುವವರು ಹಿರಿಯರ ಕೋಣೆಯಲ್ಲಿ ಕೂಗಾಡಿದರು. ಅವರು ಎಲ್ಲರಿಗೂ ಕಾಫಿ ತರಿಸಿಕೊಟ್ಟು, ಕೂಗಿ ಸುಸ್ತಾಗುವವರೆಗೂ ಕೇಳಿಸಿಕೊಂಡು ಕಳಿಸಿದರು.

ಆಪರೇಷನ್ ಅದೇ ವಾರ ಆಯಿತು. ಅಕ್ಕ, ತಮ್ಮ ಇಬ್ಬರೂ ವಾಪಸ್ಸಿನ ಟಿಕೆಟು ಮುಂದಕ್ಕೆ ಹಾಕಿಕೊಂಡರು. ತಮ್ಮ ಹೋಟೆಲಿನಲ್ಲಿದ್ದ, ಅಕ್ಕ ನಮ್ಮ ಮನೆಯಲ್ಲೇ ಉಳಿದುಕೊಂಡಳು. ಮಗಳ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆವು. ನನ್ನ ಮಗಳಿಗೆ ಬೀಜಗಣಿತ ಹೇಳಿಕೊಟ್ಟಳು. ನನ್ನ ಗಂಡನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಅವನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ನಮ್ಮವನ ಹೆಂಡತಿ ನನ್ನ ಕೈಯನ್ನು ಒಂದು ಸಲವೂ ಬಿಡಲಿಲ್ಲ. ಪೋಲೆಂಡಿನವನು ಆ ಪುಟ್ಟ ಕುರ್ಚಿಗಳಲ್ಲಿ ಕೂರಲಾಗದೆ ನಡುಮನೆಯಂತಿದ್ದ ಆ ಜಾಗದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಗಾಡಿ ತಳ್ಳಿಕೊಂಡು ಬಂದ ನರ್ಸೊಬ್ಬಳು ದಾರಿ ಬಿಡಿ ಎಂದು ಗದರಿದಾಗ ಗೋಡೆಗೆ ಅಂಟಿಕೊಂಡು ನಿಂತ. ಡಾಕ್ಟರು ಹೊರಗೆ ಬಂದು, ಪೊರೆ ಕೂತುಕೊಂಡಿದೆ, ನೋಟ ಪೂರ್ತಿ ಬರದಿದ್ದರೂ ಬಹುಪಾಲು ಉಳಿಯುತ್ತದೆ ಎಂದು ಹೇಳಿದರು. ಅವನು ಅದೇ ಗೋಡೆಯ ಕಡೆ ಮುಖ ಮಾಡಿಕೊಂಡ. ಅವನ ಅಗಲ ಬೆನ್ನು ಅಲುಗುವುದು ಮಾತ್ರ ನಮಗೆ ಕಾಣುತ್ತಿತ್ತು. ಅಕ್ಕ ಹೋಗಿ ಆ ಬೆನ್ನ ಮೇಲೆ ಕೈಯಿಟ್ಟಳು, ಎಟುಕಿದಷ್ಟು ಎತ್ತರಕ್ಕೆ.

ಈ ಆಪರೇಷನ್ನಿಗೆ ಒಂದು ವಿಚಿತ್ರ ಪಥ್ಯವಿದೆ. ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟಿರುತ್ತಾರೆ, ಅದು ಪೊರೆಯನ್ನು ಒತ್ತಿ ಹಿಡಿದಿರಬೇಕು. ಅದಕ್ಕಾಗಿ ರೋಗಿ ಎಷ್ಟೋ ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು; ಊಟ, ನಿದ್ದೆ, ಮಾತು, ಎಲ್ಲ ಹಾಗೇ. ಗಿಲ್‌ರಾಯ್‌ನ ಮನೆಯ ಹಾಲಿನಲ್ಲಿ ಒಂದು ಎತ್ತರದ ಮಂಚ ತಂದು ಹಾಕಿದ್ದರು. ಮುಖ ಇಡಲು ಮಧ್ಯೆ ತೂತಿರುವ ದಿಂಬು. ಆ ಬೆಟ್ಟದಂಥ ಮನುಷ್ಯ ಬೋರಲಾಗಿ ಮಲಗಿ, ತೂತಿನಿಂದ ನೆಲದ ಕಾರ್ಪೆಟ್ಟು ನೋಡುತ್ತ ದಿನ ಕಳೆಯಬೇಕಾಗಿತ್ತು.

ನಾನೂ ಅಕ್ಕನೂ ಅನ್ನ ಸಾರು ಮಾಡಿಕೊಂಡು ಅವನನ್ನು ನೋಡಲು ಹೋದೆವು. ತಮ್ಮ ಬೆಳಗ್ಗೆಯೇ ಅಲ್ಲಿಗೆ ಹೋಗಿದ್ದ. ಒಳಗೆ ಕಾಲಿಟ್ಟರೆ ಮಂಚದ ಮೇಲೆ ನಮ್ಮವನು ಬೋರಲಾಗಿ ಮಲಗಿದ್ದಾನೆ. ಮಂಚದ ಕೆಳಗೆ, ಕಾರ್ಪೆಟ್ಟಿನ ಮೇಲೆ, ಪೋಲೆಂಡಿನವನು ಅಂಗಾತ ಮಲಗಿದ್ದಾನೆ. ಕಾಲು ಹೊರಗೆ ಚಾಚಿಕೊಂಡು, ತಲೆಯನ್ನು ಸರಿಯಾಗಿ ಆ ತೂತಿನ ಕೆಳಗೆ ಇಟ್ಟುಕೊಂಡು. ಇಬ್ಬರೂ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ತಮ್ಮ ತಮ್ಮ ಊರಿನಲ್ಲಿ ಮೀನು ಹಿಡಿಯುವುದು ಹೇಗೆ ಎಂಬುದರ ಬಗ್ಗೆ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಮಂಚದ ಎರಡೂ ಕಡೆಯಿಂದ ಮೇಲಿನವನ ಕೈಗಳು ಇಳಿಬಿದ್ದು ಗಾಳಿಯಲ್ಲಿ ಮೀನಿನ ಉದ್ದ ತೋರಿಸುತ್ತಿದ್ದವು.

ನಾವು ಬಾಗಿಲಲ್ಲೇ ನಿಂತೆವು. ಒಳಗೆ ಹೋದರೆ ಅದು ನಿಂತುಹೋಗುತ್ತದೆ ಅನ್ನಿಸಿತು. ಅಷ್ಟರಲ್ಲಿ ಹುಡುಗಿ ಓಡಿಬಂದಳು. ಮಂಚದ ಕೆಳಗೆ ಇಣುಕಿದಳು. ಟೀವಿಯಲ್ಲಿ ನೋಡಿದ್ದ ಅದೇ ದೈತ್ಯ ನೆಲದ ಮೇಲೆ ಬಿದ್ದಿದ್ದಾನೆ.

"ನನ್ನ ಡ್ಯಾಡಿ ನಿನ್ನ ಬೀಳಿಸಿದ್ನಾ?"

ಅವನು ಒಂದು ಗಳಿಗೆ ಯೋಚಿಸಿದ. "ಹೌದು" ಎಂದ.

"ನೋವಾಯ್ತಾ?"

"ಸ್ವಲ್ಪ."

ಅವಳು ಹೋಗಿ ತನ್ನ ಹೊದಿಕೆ ತಂದು ಅವನ ಮೇಲೆ ಹೊದಿಸಿದಳು. ಅದು ಅವನ ಎದೆಯನ್ನಷ್ಟೇ ಮುಚ್ಚಿತು. ಮೇಲಿನಿಂದ, ದಿಂಬಿನ ತೂತಿನಿಂದ, ನಮ್ಮವನು ಉಸಿರು ಕಟ್ಟಿ ನಗುವ ಸದ್ದು ಕೇಳಿಸಿತು. ಅವನ ಹೆಂಡತಿ ಅಡುಗೆಮನೆಯಿಂದ, "ತಲೆ ಅಲ್ಲಾಡಿಸ್ಬೇಡ!" ಎಂದು ಕೂಗಿದಳು.

ಆ ಪಂದ್ಯ ನಡೆಯಲೇ ಇಲ್ಲ. ನಮ್ಮವನು ಬೆಲ್ಟು ಬಿಟ್ಟುಕೊಟ್ಟ. ಈಗ ಸ್ಯಾನ್ ಹೊಸೆಯ ಒಂದು ಜಿಮ್ಮಿನಲ್ಲಿ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾನೆ, ಏಟು ಕೊಡುವುದಕ್ಕಿಂತ ಹೆಚ್ಚಾಗಿ ತಪ್ಪಿಸಿಕೊಳ್ಳುವುದನ್ನು. ಎಡಗಣ್ಣಿನಲ್ಲಿ ಅಂಚು ಇನ್ನೂ ಮಸುಕಂತೆ. ಪೋಲೆಂಡಿನವನು ಬೇರೊಬ್ಬನ ಜೊತೆ ಆಡಿ ಗೆದ್ದ, ಆಮೇಲೊಮ್ಮೆ ಸೋತ, ಸೋತ ಮಾರನೆಯ ದಿನ ಮೊದಲು ಫೋನ್ ಮಾಡಿದ್ದು ಗಿಲ್‌ರಾಯ್‌ಗೆ. ನಮ್ಮ ಹಿರಿಯರು ರಿಟೈರ್ ಆಗಲಿಲ್ಲ. ಇನ್ನೊಂದು ಒಳ್ಳೆಯ ಪಂದ್ಯ ನೋಡಿ ಆಗುತ್ತೇನೆ ಎನ್ನುತ್ತಾರೆ.

ಇದನ್ನೆಲ್ಲ ಬರೆಯಲೇ ಎಂದು ನಮ್ಮವನನ್ನು ಕೇಳಿದೆ. "ಬರೀರಿ ಮ್ಯಾಮ್, ಹೆಸರೊಂದು ಬೇಡ" ಎಂದ. ಅಕ್ಕನನ್ನೂ ಕೇಳಿದೆ. ಅವಳು ಈಗ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ನನಗೆ ಬೆಳಗಾಗುವಾಗ ಅವಳು ಉತ್ತರ ಪತ್ರಿಕೆ ತಿದ್ದುತ್ತ ಕೂತಿರುತ್ತಾಳೆ. ಮಾತಾಡುವಂಥ ವಿಷಯ ಏನೂ ಇಲ್ಲದಿದ್ದರೂ ಕಾಲ್ ಹಚ್ಚಿಟ್ಟುಕೊಳ್ಳುತ್ತೇವೆ. ಇವತ್ತು ಬೆಳಗ್ಗೆ ಅಲ್ಲಿ ಹಿಮ ಬೀಳಲು ಶುರುವಾಗಿದೆ ಎಂದು ಫೋನನ್ನು ಕಿಟಕಿಯ ಕಡೆ ತಿರುಗಿಸಿ ತೋರಿಸಿದಳು. ಒಲೆಯ ಮೇಲೆ ಹಾಲು ಕಾಯಲು ಇಟ್ಟು ನಾನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ.